ಕಿಟಕಿಯಾಚೆ ಸುರಿದ ನೀರು

ಮುಳಬಾಗಿಲಿನ ಬೈಪಾಸಿಗೆ ಹೊಂದಿಕೊಂಡಿದ್ದ ಆ ವೃದ್ಧಾಶ್ರಮದಲ್ಲಿ ಹೆಂಗಸರು ಮಲಗುವ ದೊಡ್ಡ ಹಾಲ್‌ನ ಕಿಟಕಿಯ ಕೆಳಗೊಂದು ಕನಕಾಂಬರದ ಗಿಡವಿತ್ತು. ಅಂಗಳದ ಮಿಕ್ಕ ಗಿಡಗಳೆಲ್ಲ ಬಿಸಿಲಿಗೆ ಎಲೆ ಮುದುರಿಕೊಂಡಿದ್ದರೆ ಇದೊಂದು ಮಾತ್ರ ಮದುವೆಗೆ ಹೊರಟ ಹೆಂಗಸಿನ ಹಾಗೆ ಹೂ ಮುಡಿದು ನಿಂತಿರುತ್ತಿತ್ತು. ಆಶ್ರಮ ನಡೆಸುತ್ತಿದ್ದ ಕೋದಂಡರಾಮಪ್ಪನವರು ಬಂದವರಿಗೆಲ್ಲ ಅದನ್ನು ತೋರಿಸಿ, "ನಮ್ಮ ಮಣ್ಣಿನ ಗುಣ ನೋಡಿ" ಎಂದು ಬೀಗುತ್ತಿದ್ದರು.

ಗಿಡದ ಗುಟ್ಟು ಆದಿಲಕ್ಷ್ಮಮ್ಮನಿಗೆ ತಿಳಿದದ್ದು ಅಲ್ಲಿಗೆ ಬಂದ ಮಾರನೆಯ ದಿನ. ಊಟವಾದ ಮೇಲೆ ಆಯಾ ಎಲ್ಲರಿಗೂ ದೊಡ್ಡ ಲೋಟದಲ್ಲಿ ನೀರು ಕೊಟ್ಟು ಹೋದಳು. ಅವಳು ಮರೆಯಾಗುತ್ತಲೇ ಪಕ್ಕದ ಮಂಚದ ಮುನಿಲಕ್ಷ್ಮಮ್ಮ ಒಂದು ಗುಟುಕು ಕುಡಿದ ಶಾಸ್ತ್ರ ಮಾಡಿ, ಕಿಟಕಿಯ ಸರಳಿನ ನಡುವೆ ಕೈ ತೂರಿಸಿ ಉಳಿದದ್ದನ್ನು ಆಚೆ ಸುರಿದಳು. ಎದುರು ಮಂಚದ ಭಾರತಮ್ಮನ ಲೋಟವೂ ಕೈಯಿಂದ ಕೈಗೆ ದಾಟಿ ಬಂತು. ಅದೂ ಗಿಡಕ್ಕೆ.

"ಇದೇನಕ್ಕಾ ಇದು?"

"ನೀಳ್ಳು ತಾಗೊದ್ದು ಕಣಕ್ಕಾ, ನೀರು ಕುಡೀಬ್ಯಾಡ." ಮುನಿಲಕ್ಷ್ಮಮ್ಮ ಆವನಿಯ ಕಡೆಯವಳು, ಕನ್ನಡ ಆಡುತ್ತ ಆಡುತ್ತ ತೆಲುಗಿಗೆ ಜಾರುತ್ತಿದ್ದಳು. "ಕುಡಿದ್ರೆ ಹೋಗ್ಬೇಕಾಗ್ತದೆ. ಹೋದ್ರೆ ಅದರಲ್ಲೇ ಹೋಗ್ಬೇಕು. ತಿಳೀತಲ್ಲ?"

ತಿಳಿದಿತ್ತು. ಬಂದ ದಿನವೇ ಆದಿಲಕ್ಷ್ಮಮ್ಮ ಬಚ್ಚಲಿಗೆ ಹೋಗಬೇಕೆಂದು ಕರೆದಾಗ ಆಯಾ ಪ್ರೀತಿಯಿಂದಲೇ ಹೇಳಿದ್ದಳು: "ಪ್ಯಾಡ್ ಹಾಕಿದೀವಲ್ಲಮ್ಮಾ, ಅದರಲ್ಲೇ ಮಾಡಿಬಿಡಿ, ಬದಲಾಯಿಸ್ತೀನಿ. ಎದ್ದು ಬಿದ್ದುಗಿದ್ದೀರ." ಆ ಮಧ್ಯಾಹ್ನ ತಡೆದು ತಡೆದು ಕೊನೆಗೆ ಮೈ ಸೋತಾಗ ಆದಿಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಅಳು ಬರಲಿಲ್ಲ. ಇನ್ನೂ ಲಂಗ ಉಡುವ ಮುಂಚೆ ಅವಳವ್ವ ಕಲಿಸಿದ್ದ ಮೊದಲ ಪಾಠವನ್ನು ಯಾರೋ ಈಗ ಮರೆತುಬಿಡು ಎಂದಂತಾಗಿತ್ತು.

ಹಾಗೆ ನೋಡಿದರೆ ಆಶ್ರಮ ಕೆಟ್ಟದ್ದೇನಲ್ಲ. ನೆಲ ಕನ್ನಡಿಯ ಹಾಗಿತ್ತು, ಸಾರು ಬಿಸಿಯಾಗಿ ಬರುತ್ತಿತ್ತು, ಗದರುವವರು ಯಾರೂ ಇರಲಿಲ್ಲ. ಇಲ್ಲಿಗೆ ಬರುತ್ತೇನೆಂದವಳೂ ಅವಳೇ. ಸೊಂಟದ ಕೀಲು ಮುರಿದು ಆಪರೇಷನ್ ಆದಾಗ ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುವ ಮಗಳು ಸುನಂದ ಕೆಲಸ ಬಿಡುತ್ತೇನೆಂದು ಕೂತಿದ್ದಳು. "ಕೆಲಸ ಬಿಟ್ರೆ ನಿನ್ನ ಕಾಲು ಮುರೀತೀನಿ. ಮನೇಲಿ ಒಬ್ಬರದ್ದು ಮುರಿದಿರೋದೇ ಸಾಕು" ಎಂದು ಬೈದು ಇವಳೇ ಹೊರಟುಬಂದಿದ್ದಳು. ವಾಕರ್ ಹಿಡಿಸಿ ದಿನವೂ ನಡೆಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಯಾರ ಹಂಗಿಲ್ಲದೆ ಬಚ್ಚಲಿಗೆ ಹೋಗಿ ಬರುವಷ್ಟಾದರೆ ಮಾಲೂರಿನ ಮನೆಗೆ ಹಿಂದಿರುಗಬಹುದಿತ್ತು. ಆದರೆ ವಾಕರ್ ಮಂಚದ ತಲೆದೆಸೆಯಲ್ಲಿ ಟವೆಲ್ ಒಣಹಾಕುವ ಗೂಟವಾಗಿತ್ತು. ಹೀಗೇ ಮಲಗಿದ್ದರೆ ಕಾಲು ನಡಿಗೆಯನ್ನೇ ಮರೆತುಬಿಡುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ನೀರು ಕುಡಿಯದೆ ಇರುವುದೇನು ಅವಳಿಗೆ ಹೊಸದಲ್ಲ. ಪ್ರಾಯದಲ್ಲಿ ಟೊಮೇಟೊ ಕೀಳುವ ಕೂಲಿಗೆಂದು ಟೆಂಪೋದಲ್ಲಿ ಹೋಗುತ್ತಿದ್ದಾಗ, ಮರೆಯಿಲ್ಲದ ಬಯಲು, ಸುತ್ತ ಗಂಡಸರು. ಹೆಂಗಸರು ಬೆಳಿಗ್ಗೆ ಕುಡಿದ ಅಂಬಲಿಯಲ್ಲೇ ಸಂಜೆ ಮಾಡುತ್ತಿದ್ದರು. ಗಂಟಲು ಒಣಗಿದರೆ ಬಾಯಿ ಮುಕ್ಕಳಿಸಿ ಉಗಿಯುವುದು ಅಷ್ಟೆ. ಅವಳಿಗೆ ಅಚ್ಚರಿಯಾದದ್ದು ಬೇರೆ. ಆ ಬಯಲು ತನ್ನ ಹಿಂದೆಯೇ ನಡೆದು ಬಂದು ಈ ಟೈಲ್ಸ್ ಹಾಕಿದ ಹಾಲಿನಲ್ಲೂ ಕೂತಿತ್ತು.

ಅವಳ ಲೋಟವೂ ಗಿಡಕ್ಕೆ ಹೋಗತೊಡಗಿತು.

ಬಿಸಿಲು ಏರಿದ ಒಂದು ಬೆಳಿಗ್ಗೆ ಮುನಿಲಕ್ಷ್ಮಮ್ಮ ಎದ್ದವಳೇ ಇವಳನ್ನು ನೋಡಿ, "ಅತ್ತಾ, ರೇಷ್ಮೆಹುಳಕ್ಕೆ ಸೊಪ್ಪು ಹಾಕಿದ್ರಾ?" ಎಂದಳು. ಅವಳ ಅತ್ತೆ ಸತ್ತು ಎಷ್ಟೋ ಕಾಲವಾಗಿತ್ತು. ಆಮೇಲೆ ಕಣ್ಣು ಮೇಲಾಯಿತು. ಡಾಕ್ಟರು ಬಂದು ಡ್ರಿಪ್ ಹಾಕಿದರು. ಮೈಯಲ್ಲಿ ನೀರಿಲ್ಲ, ಮೂತ್ರಕ್ಕೆ ಸೋಂಕು ತಗುಲಿದೆ, ತಡವಾಗಿದ್ದರೆ ಕಷ್ಟವಿತ್ತು ಎಂದು ಹೇಳಿ ಹೋದರು.

"ನೀರಿಲ್ಲ ಅಂದ್ರೆ ಹೇಗೆ?" ಸಂಜೆ ಡ್ರಿಪ್ ಬದಲಾಯಿಸಲು ಬಂದ ನರ್ಸ್ ವಾಣಿಶ್ರೀ ತಲೆ ಮೇಲೆ ಕೈ ಇಟ್ಟುಕೊಂಡಳು. ದಿನವೂ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ, ಒಳ್ಳೆಯವಳು. "ಹೊತ್ತೊತ್ತಿಗೆ ಕೊಡಿಸ್ತೀನಿ. ಲೋಟ ಖಾಲಿ ಇರತ್ತೆ. ವಯಸ್ಸಾಯ್ತು, ಇನ್ನೇನು ಮಾಡೋದು."

ಭಾರತಮ್ಮ ಗೋಡೆಯ ಕಡೆ ಮಗ್ಗುಲಾದಳು. ಆದಿಲಕ್ಷ್ಮಮ್ಮ ಡ್ರಿಪ್ಪಿನ ಬಾಟಲಿಯನ್ನೇ ನೋಡುತ್ತಿದ್ದಳು. ಹೇಳಿದರೆ ನಾಳೆಯಿಂದ ಎದುರು ನಿಂತು ಕುಡಿಸುತ್ತಾರೆ. ಕುಡಿದದ್ದು ಹೋಗುವುದು ಎಲ್ಲಿಗೆ? ಹೇಳದಿದ್ದರೆ ಈ ಮಂಚ ಖಾಲಿಯಾಗುತ್ತದೆ.

"ವಾಣೀ, ಕಿಟಕಿಯಿಂದ ಬಗ್ಗಿ ಆ ಗಿಡ ನೋಡು."

"ನೋಡಿದೀನಮ್ಮಾ, ಚೆನ್ನಾಗಿ ಬಂದಿದೆ."

"ಬರದೇ ಏನು? ನೀನು ನಮಗೆ ಕೊಡೋ ನೀರೆಲ್ಲ ಅದೇ ಕುಡೀತೈತೆ."

"ಲೇ ಬಾಯಿಬಡಕಿ!" ಭಾರತಮ್ಮ ಮಂಚದ ಮೇಲೆ ಎದ್ದು ಕೂತಳು. "ನಾಳೆಯಿಂದ ಮೂಗು ಹಿಡಿದು ಬಾಯಿಗೆ ಹುಯ್ತಾರೆ. ಆವಾಗ ನಿಂಗೆ ಸುಖ ಕಣೇ!"

ವಾಣಿಶ್ರೀಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. "ನಿಮ್ಮ ಜೀವಕ್ಕೆ ನೀವೇ ಕುತ್ತು ತಂದ್ಕೋತೀರಲ್ಲ, ಯಾಕ್ರಮ್ಮಾ?"

"ನಿನ್ನ ಬ್ಯಾಗು ತಗೊಂಬಾ. ನೀರಿನ ಬಾಟ್ಲು ತೋರಿಸು."

ವಾಣಿಶ್ರೀ ಮನೆಗೆ ಹೊರಡುವ ಹೊತ್ತಾಗಿತ್ತು. ಮನೆಯಿಂದ ತುಂಬಿಸಿ ತಂದ ಬಾಟಲಿ ಕುತ್ತಿಗೆಯ ತನಕ ಹಾಗೇ ಇತ್ತು.

"ಬಸ್ಸಿನಲ್ಲಿ ಅಷ್ಟು ದೂರ... ನಡುವೆ ಎಲ್ಲಿ..." ಎಂದವಳು ಬಾಟಲಿ ಹಿಡಿದುಕೊಂಡು ಆದಿಲಕ್ಷ್ಮಮ್ಮನ ಮಂಚದ ತುದಿಯಲ್ಲಿ ಕುಸಿದು ಕೂತಳು. ಒಬ್ಬಳಿಗೆ ಎಪ್ಪತ್ತು ದಾಟಿತ್ತು, ಇನ್ನೊಬ್ಬಳಿಗೆ ಮೂವತ್ತೂ ಆಗಿರಲಿಲ್ಲ.

ಆಮೇಲೆ ವಾಣಿಶ್ರೀ ಎದ್ದು ವಾಕರಿನ ಮೇಲಿದ್ದ ಟವೆಲ್ ಎಳೆದು ಮಡಚಿಟ್ಟಳು. "ನಾಳೆ ಬೆಳಿಗ್ಗೆ ರೆಡಿ ಇರಿ" ಎಂದಳು.

ಬೆಳಿಗ್ಗೆ ಕೋದಂಡರಾಮಪ್ಪನವರು ಬಾಗಿಲಿಗೆ ಅಡ್ಡ ನಿಂತಿದ್ದರು. "ವಾಣಿಶ್ರೀ, ಆಗಲ್ಲಮ್ಮ. ಹಿಂದೆ ಒಬ್ಬಮ್ಮ ಬಚ್ಚಲಲ್ಲಿ ಬಿದ್ದು ತೀರ್ಕೊಂಡ್ಬಿಟ್ರು. ಅವರ ಮಗಳು ಇದೇ ಹೊಸ್ತಿಲಲ್ಲಿ ಕೂತು ಅತ್ತಿದ್ದು ನನಗೆ ಇವತ್ತಿಗೂ ಕಿವೀಲಿದೆ."

"ಬಿಡಪ್ಪಾ," ಎಂದಳು ಆದಿಲಕ್ಷ್ಮಮ್ಮ ಮೆಲ್ಲಗೆ. "ನಿನ್ನ ಸಂಕಟ ಸುಳ್ಳಲ್ಲ. ಆದರೆ ಮುನಿಲಕ್ಷ್ಮಿ ಬಿದ್ದಿದ್ದು ಬಚ್ಚಲಲ್ಲಲ್ಲ. ಮಂಚದ ಮೇಲೆ."

ಕೋದಂಡರಾಮಪ್ಪನವರು ಡ್ರಿಪ್ಪಿನ ಕಡೆ ನೋಡಿದರು. ಪಕ್ಕಕ್ಕೆ ಸರಿದರು.

ವಾಣಿಶ್ರೀ ಟವೆಲನ್ನು ಆದಿಲಕ್ಷ್ಮಮ್ಮನ ಸೊಂಟಕ್ಕೆ ಸುತ್ತಿ ಹಿಂದಿನಿಂದ ಗಟ್ಟಿಯಾಗಿ ಹಿಡಿದಳು. ಮೊದಲ ಹೆಜ್ಜೆಗೆ ಕಾಲು ಬೇರೆ ಯಾರದೋ ಅನ್ನಿಸಿತು. ವಾಕರ್ ಮುಂದಿಡು, ನೋವಿನ ಕಾಲು ಇಡು, ಆಮೇಲೆ ಇನ್ನೊಂದು. ಕಾಲು ನಿಧಾನವಾಗಿ ಅವಳದಾಗತೊಡಗಿತು. ಹಿಂದೆ ಹೆಂಗಸರು ಮಂಚಗಳಿಂದಲೇ ಕತ್ತು ಚಾಚಿದ್ದರು. ಬಚ್ಚಲಿನ ಬಾಗಿಲಲ್ಲಿ ಎತ್ತರದ ಹೊಸ್ತಿಲು. ವಾಕರಿನ ಕಾಲು ಅದಕ್ಕೆ ತಗುಲಿ ಅವಳು ಒಂದು ಕಡೆಗೆ ವಾಲಿದಳು. ಟವೆಲ್ ಬಿಗಿಯಾಯಿತು. ಕೋದಂಡರಾಮಪ್ಪನವರು ಕೈ ಚಾಚಿ ಧಾವಿಸಿದರು.

"ಯಾರೂ ಮುಟ್ಬೇಡಿ!"

ತೋಟದಲ್ಲಿ ತುಂಬಿದ ಕ್ರೇಟು ಎತ್ತುವ ಮುಂಚೆ ಮಾಡುತ್ತಿದ್ದ ಹಾಗೆ ಅವಳು ಒಮ್ಮೆ ಉಸಿರು ತುಂಬಿಕೊಂಡು, ವಾಕರ್ ಎತ್ತಿ ಒಳಗಿಟ್ಟು ಹೊಸ್ತಿಲು ದಾಟಿದಳು. ವಾಣಿಶ್ರೀ ಒಳಗೆ ಹೋಗಿ ಅವಳನ್ನು ಕೂರಿಸಿ ಬಂದಳು.

"ಚಿಲಕ ಹಾಕ್ಬೇಡಿ ಅಮ್ಮಾ."

"ಹಾಕಲ್ಲ. ಬಾಗಿಲು ಎಳಿ. ಗಂಡಸರನ್ನ ಆಚೆ ಕಳಿಸು."

ಬಾಗಿಲು ಮುಚ್ಚಿತು. ಎಷ್ಟೋ ದಿನಗಳ ಮೇಲೆ ಒಬ್ಬಳೇ ಇದ್ದಳು ಅವಳು. ಗೋಡೆಯ ಮೇಲಿನ ಸಣ್ಣ ಕಿಂಡಿಯಿಂದ ಬಿಸಿಲು ಬಿದ್ದು ಬಕೆಟ್ಟಿನ ನೀರು ಹೊಳೆಯುತ್ತಿತ್ತು. ಆ ಒಬ್ಬಂಟಿತನ ಹಬ್ಬದ ಹೋಳಿಗೆಯ ಹಾಗೆ ಸಿಹಿಯಾಗಿತ್ತು. ಅವಳು ಅವಸರ ಮಾಡಲಿಲ್ಲ. ಒಳಗಿನಿಂದ ಚೊಂಬಿನ ಸದ್ದು ಕೇಳಿಸಿದಾಗ ಹಾಲಿನಲ್ಲಿ ಭಾರತಮ್ಮನೇ ಮೊದಲು ನಕ್ಕಳು.

ಮಂಚಕ್ಕೆ ಮರಳಿದವಳು ಕೂತು ಸುಧಾರಿಸಿಕೊಂಡು, "ನೀರು ತಾ" ಎಂದಳು. ಚೊಂಬು ಎತ್ತಿ, ತುಟಿಗೆ ಸೋಕಿಸದೆ, ಎಲ್ಲರಿಗೂ ಕೇಳುವಂತೆ ಗಟಗಟ ಕುಡಿದಳು. ಕುತ್ತಿಗೆಯ ಮೇಲೆ ಹರಿದದ್ದನ್ನು ಒರೆಸಿಕೊಳ್ಳಲಿಲ್ಲ.

"ನನ್ನನ್ನೂ ಕರ್ಕೊಂಡ್ಹೋಗ್ತೀಯೇನೇ ವಾಣೀ?" ಭಾರತಮ್ಮ ಲೋಟ ಚಾಚಿದಳು. "ಮೊದಲು ಮಾತು ಕೊಡು, ಆಮೇಲೆ ಕುಡೀತೀನಿ. ಈ ಬಾಯಿಬಡಕಿನ ನಂಬಕ್ಕಾಗಲ್ಲ."

ಆ ವಾರವೇ ಗಾರೆ ಕೆಲಸದವರು ಬಂದು ಹೊಸ್ತಿಲು ಒಡೆದರು, ಗೋಡೆಗೆ ಹಿಡಿಕಂಬಿ ಹಾಕಿದರು. ಕೋದಂಡರಾಮಪ್ಪನವರು ಹಗಲಿಗೆ ಇನ್ನೊಬ್ಬ ಆಯಾಳನ್ನು ಗೊತ್ತುಮಾಡಿದರು. ಏಳಲಾರದವರಿಗೆ ಪ್ಯಾಡ್ ಉಳಿಯಿತು, ಏಳಬಲ್ಲವರು ಎದ್ದರು. ಮುನಿಲಕ್ಷ್ಮಮ್ಮ ಚೇತರಿಸಿಕೊಂಡು, ಗೋಡೆ ಹಿಡಿದು ಹೋಗುವಾಗೆಲ್ಲ "ಪಕ್ಕಕ್ಕೆ ಸರೀರಿ, ಮೆರವಣಿಗೆ ಬರ್ತೈತೆ" ಎಂದು ಕೂಗುತ್ತಿದ್ದಳು. ಕನಕಾಂಬರ ಮಾತ್ರ ಸೊರಗಿತು. ಇಂಥ ಮಣ್ಣಿನಲ್ಲಿ ಯಾಕೆ ಹೀಗಾಯಿತೆಂದು ಕೋದಂಡರಾಮಪ್ಪನವರು ಬೇಸರಪಟ್ಟಾಗ ಹಾಲೆಲ್ಲ ಬಿದ್ದುಬಿದ್ದು ನಕ್ಕಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಸುನಂದ ಕಾರು ಮಾಡಿಕೊಂಡು ಬಂದಳು. ತಾಯಿ ವಾಕರ್ ಹಿಡಿದು ಗೇಟಿನ ತನಕ ತಾನೇ ನಡೆದುಬಂದದ್ದನ್ನು ನೋಡಿ ಅವಳು ಕಾರಿನಿಂದಿಳಿದು ಓಡಿಬಂದಳು. ವಾಣಿಶ್ರೀ ಕಾರಿನ ಬಾಗಿಲು ತೆಗೆದಳು. ಆದಿಲಕ್ಷ್ಮಮ್ಮ ಹತ್ತಲಿಲ್ಲ. ಒಂದು ಚೊಂಬು ನೀರು ತರಿಸಿಕೊಂಡು ನಿಂತೇ ಕುಡಿಯತೊಡಗಿದಳು.

"ಅಯ್ಯೋ, ಸಾಕಮ್ಮಾ!" ಸುನಂದ ಗಾಬರಿಯಾದಳು. "ಮಾಲೂರು ಇಲ್ಲೇ ಇದೆಯಾ? ದಾರೀಲಿ ಏನು ಮಾಡ್ತೀಯ?"

ಆದಿಲಕ್ಷ್ಮಮ್ಮ ಚೊಂಬು ಪೂರ್ತಿ ಬರಿದು ಮಾಡಿ ಮಗಳ ಕೈಗೆ ಕೊಟ್ಟಳು.

"ಗಾಡಿ ನಿಲ್ಸು ಅಂತೀನಿ."