ಹೋಗುವ, ಚನಿಯಣ್ಣ

ಮಂಚದ ಅಡಿಯಿಂದ ಸೂಟ್‌ಕೇಸನ್ನು ಎಳೆಯುವಾಗ ಅದರ ಒಂದು ಚಕ್ರ ಚಾಪೆಯ ಅಂಚಿಗೆ ಸಿಕ್ಕಿಕೊಂಡಿತು. ಲತೇಶ ನೆಲಕ್ಕೆ ಮೊಣಕಾಲೂರಿ ಮತ್ತೊಮ್ಮೆ ಎಳೆದ. ಅವನಿಗೆ ಬೇಕಾಗಿದ್ದದ್ದು ಒಂದು ಬಿಳಿ ಮುಂಡು, ಒಂದು ಅಂಗಿ, ಅಷ್ಟೇ. ಮಧ್ಯಾಹ್ನ ಮೂರು ಗಂಟೆಗೆ ಚನಿಯನ ದಹನ. ಹನ್ನೆರಡರೊಳಗೆ ಬಟ್ಟೆ ತಂದುಕೊಡಿ ಎಂದು ಶವಾಗಾರದವರು ಹೇಳಿದ್ದರು.

"ಕಪಾಟಿನಲ್ಲಿ ನೋಡಿ ಪ್ರಯೋಜನ ಇಲ್ಲ. ಒಳ್ಳೆ ಬಟ್ಟೆ ಎಲ್ಲ ಅದರಲ್ಲೇ ತುಂಬಿಸಿದ್ದು," ಎಂದ ಗೇಬ್ರಿಯಲ್. ಒಂದು ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಮಾಡುವ ಅವನು ಹಮ್ದಾನ್ ಸ್ಟ್ರೀಟಿನ ಈ ಕೋಣೆಯಲ್ಲಿ ಚನಿಯನ ಜೊತೆ ಹತ್ತು ವರ್ಷದಿಂದ ಇದ್ದ. ಅದಕ್ಕೂ ಮೊದಲು ಅವನ ಮಂಚ ಲತೇಶನದ್ದು. ಮದುವೆಯಾಗಿ ಸಮೀಕ್ಷಾ ಬಂದ ಮೇಲೆ ಲತೇಶ ಅಬುಧಾಬಿ ಬಿಟ್ಟು ದುಬೈಯ ಅಲ್ ನಹ್ದಾದಲ್ಲಿ ಮನೆ ಮಾಡಿದ್ದ.

"ಊರಿಗೆ ಹೊರಟಿದ್ರಾ?"

"ಮುಂದಿನ ತಿಂಗಳು ಹತ್ತರಿಂದ ರಜೆ. ಆಫೀಸಿನಲ್ಲಿ ಪಾಸಾಗಿತ್ತು."

ಚನಿಯನಿಗೆ ಐವತ್ತೇಳು. ಮೊನ್ನೆ ಸಂಜೆ ಸಮುದ್ರದ ಬದಿಯ ರಸ್ತೆಯಲ್ಲಿ ನಡೆಯುತ್ತಿದ್ದವನು ಬೆಂಚಿನ ಮೇಲೆ ಕೂತ, ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು. ಪೊಲೀಸರು ಕೊಟ್ಟ ಬೆನ್ನಿನ ಚೀಲದೊಳಗೆ ಐದು ಕಿಲೋ ಅಕ್ಕಿಯ ಪೊಟ್ಟಣವಿತ್ತು. ಎರಡು ತಿಂಗಳಿಂದ ಆ ಅಕ್ಕಿ ಬೇಯದೆ ದಿನಾ ವಾಕಿಂಗ್ ಹೋಗಿ ಬರುತ್ತಿತ್ತು ಎಂದು ಗೇಬ್ರಿಯಲ್ ಹೇಳಿದ. ಭಾರ ಹೊತ್ತು ನಡೆದು ಅಭ್ಯಾಸ ಆಗಬೇಕು ಅನ್ನುತ್ತಿದ್ದನಂತೆ.

ಬಾಗಿಲಲ್ಲಿ ಪಕ್ಕದ ಫ್ಲ್ಯಾಟಿನ ಬೀಫಾತಿಮ ನಿಂತಿದ್ದರು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡು, "ಹೀಗೆ ಕೇಳಬಾರದು, ಆದ್ರೂ ಕೇಳ್ತೇನೆ. ನಮ್ಮ ಅಮ್ಮನಿಗೆ ಅಂತ ಒಂದು ಮಂಡಿನೋವಿನ ಎಣ್ಣೆ, ಸ್ವಲ್ಪ ಖರ್ಜೂರ ಕೊಟ್ಟಿದ್ದೆ. ಊರಿಗೆ ಹೋಗುವವರಲ್ವಾ ಅಂತ," ಎಂದರು.

ಪೊಟ್ಟಣ ಸೂಟ್‌ಕೇಸಿನ ಮೂಲೆಯಲ್ಲೇ ಇತ್ತು. ಮೇಲೆ ಚನಿಯನ ದುಂಡು ಅಕ್ಷರದ ಚೀಟಿ: 'ಬೀಫಾತಿಮ ಅವರದ್ದು. ಊರಿಗೆ ಹೋಗುವವರು ಸಿಕ್ಕಿದರೆ ಕೊಡುವುದು.'

"ಅವರೇ ಹೋಗುವವರಲ್ವಾ?" ಬೀಫಾತಿಮರಿಗೆ ಅರ್ಥವಾಗಲಿಲ್ಲ.

"ಊರಿಗೆ ಅಂತ ಅವರು ಹೇಳಿದ್ರಾ?" ಲತೇಶ ಕೇಳಿದ.

"ರಜೆ ಅಂತ ಹೇಳಿದ್ರು. ರಜೆ ಅಂದ್ರೆ ಊರೇ ಅಲ್ವಾ?"

ಅದೂ ಸರಿಯೇ. ಗಲ್ಫಿಗೆ ಬಂದವರಿಗೆ ಭೂಮಿಯ ಮೇಲೆ ಇರುವುದು ಎರಡೇ ಜಾಗ, ಇದು ಮತ್ತು ಊರು. ಮೂರನೆಯದೊಂದು ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ. ಯಾರಾದರೂ ರಜೆ ಹಾಕಿದರೆ ಸಾಕು, ನೆರೆಕರೆಯವರೆಲ್ಲ ಪೊಟ್ಟಣ ಹಿಡಿದು ಬಾಗಿಲಿಗೆ ಬರುತ್ತಾರೆ. ಚನಿಯ ಇಪ್ಪತ್ತೇಳು ವರ್ಷ ಹಾಗೆ ಊರವರ ಸಾಮಾನು ಹೊತ್ತ. ಬೇಡ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ಬೀಫಾತಿಮ ಹೋದ ಮೇಲೆ ಲತೇಶ ಮುಂಡು ಹುಡುಕಿದ. ಎರಡು ಮಡಚುವ ಕೊಡೆ, ಎರಡು ತೆಳು ರೈನ್‌ಕೋಟು, ಎರಡು ಜೊತೆ ಉಣ್ಣೆಯ ಕಾಲುಚೀಲ. ಮುಂಡು ಅಡಿಯಲ್ಲಿತ್ತು. ಅದರೊಳಗೆ ಸುತ್ತಿಟ್ಟಿದ್ದ ದಪ್ಪದ ನೀಲಿ ಫೈಲು ಅವನ ತೊಡೆಗೆ ಬಿತ್ತು.

ಮೊದಲ ಹಾಳೆಯಲ್ಲಿ ಬರೆದದ್ದು: 'ಜಪಾನ್. ಹನ್ನೆರಡು ದಿನ. ಗೈಡ್ ಇಲ್ಲದೆ. ಜನ: ೨.'

"ಜನ ಇಬ್ಬರು," ಗೇಬ್ರಿಯಲ್ ಬಗ್ಗಿ ನೋಡಿದ. "ಯಾರು ಮಾರಾಯ್ರೆ ಇನ್ನೊಬ್ರು? ಇವರಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಯಾರಾದ್ರೂ ಇದ್ರಾ?"

ಲತೇಶ ಹಾಳೆ ತಿರುಗಿಸಿದ. ಎಲ್ಲೂ ಹೆಸರಿರಲಿಲ್ಲ. ಕಟ್ಟಡದ ಡ್ರಾಯಿಂಗಿನಲ್ಲಿ ಬರೆಯುವ ಹಾಗೆ ಬರೀ ಅಂಕಿ: ಒಂದು ಅಂದರೆ ಚನಿಯ, ಎರಡು ಅಂದರೆ ಜೊತೆಗಿರುವವರು. 'ಟೋಕಿಯೋದಿಂದ ಕ್ಯೋಟೋ ರೈಲು. ಬಲಬದಿ ಸೀಟು. ಮುಕ್ಕಾಲು ಗಂಟೆ ಆದ ಮೇಲೆ ಫ್ಯೂಜಿ ಬೆಟ್ಟ ಕಾಣುವುದು. ಕಿಟಕಿ: ೨. ಪಕ್ಕ: ೧.'

"ಹುಡುಕಬೇಕು," ಎಂದ ಲತೇಶ. "ಮೂರು ಗಂಟೆಯೊಳಗೆ ಹುಡುಕಬೇಕು ಗೇಬ್ರಿಯಲ್. ಇಷ್ಟು ಬರೆದಿದ್ದಾರೆ ಅಂದ್ರೆ ಆ ಜನಕ್ಕೆ ಇವರು ಬೇಕಾದವರು. ಮುಖ ನೋಡದೆ ಸುಟ್ಟುಬಿಟ್ರೆ ನಾಳೆ ಆ ಜನ ಬಂದು ಕೇಳಿದರೆ ನಾನು ಎಂತ ಹೇಳಲಿ?"

ಅವನಿಗೆ ಒಳಗೊಳಗೆ ಸಮಾಧಾನವೂ ಆಗಿತ್ತು. ಚನಿಯಣ್ಣನಿಗೆ ಯಾರೋ ಒಬ್ಬರಿದ್ದರು ಎಂಬ ಸಮಾಧಾನ.

*

ಚನಿಯನ ಕೆಲಸ ಕಟ್ಟಡದ ಡ್ರಾಯಿಂಗುಗಳ ಪ್ರತಿ ತೆಗೆದು ಮಡಚಿ ನಂಬರು ಹಾಕಿ ಇಡುವುದು. ಅಲ್ ರೀಮ್ ಐಲ್ಯಾಂಡಿನ ಎಷ್ಟೋ ಗೋಪುರಗಳು ಏಳುವ ಮೊದಲು ಅವನ ಕೈಯಲ್ಲಿ ಹಾಳೆಗಳಾಗಿದ್ದವು. ಅಲ್ಲಿಗೆ ಬಂದಿದ್ದ ಜಪಾನಿನ ಎಂಜಿನಿಯರೊಬ್ಬ ಕೆಲಸ ಮುಗಿಸಿ ಹೊರಡುವಾಗ ತನ್ನ ಟೋಕಿಯೋ ರೈಲಿನ ನಕಾಶೆಯನ್ನು ಚನಿಯನಿಗೆ ಕೊಟ್ಟುಹೋದ. ಅದು ೨೦೧೩ರಲ್ಲಿ. ಆಗ ಲತೇಶನೂ ಸೇರಿ ಕೋಣೆಯಲ್ಲಿ ನಾಲ್ಕು ಜನ ಇದ್ದರು.

ಚನಿಯ ನಕಾಶೆಯನ್ನು ಅನ್ನದ ಪಾತ್ರೆಯ ಪಕ್ಕ ಹಾಸಿದ. "ಇಷ್ಟು ಗೆರೆ ಉಂಟು ನೋಡಿ. ಒಂದೂ ತಪ್ಪಿಲ್ಲ. ನಾನು ಇಷ್ಟು ವರ್ಷ ಪ್ಲಾನಿನ ಕಾಪಿ ತೆಗೆದದ್ದೇ ಬಂತು. ಒಮ್ಮೆ ಪ್ಲಾನಿನ ಒಳಗೆ ನಡೆದು ನೋಡಬೇಕು. ಗೈಡ್ ಬೇಡ. ಗೈಡ್ ಹಿಂದೆ ಹೋಗುವುದು ಕೋಳಿ ಮರಿ ಹೋದ ಹಾಗೆ. ನಾವೇ ನಕಾಶೆ ಹಿಡಿದು ಹೋಗುವುದು."

"ಹೋಗುವ ಚನಿಯಣ್ಣ," ಎಂದರು ನಾಲ್ವರಲ್ಲಿ ಉಳಿದ ಮೂವರೂ, ಮೀನುಸಾರಿನ ಬಟ್ಟಲು ದಾಟಿಸುತ್ತ.

ಈ 'ಹೋಗುವ' ಎಂಬ ಮಾತನ್ನು ಘಟ್ಟದ ಮೇಲಿನವರಿಗೆ ಬಿಡಿಸಿ ಹೇಳಬೇಕು. ವ್ಯಾಕರಣದ ಪ್ರಕಾರ ಅದರ ಅರ್ಥ ನೀನೂ ನಾನೂ ಕೂಡಿ ಹೋಗೋಣ ಎಂದು. ಕರಾವಳಿಯ ವ್ಯವಹಾರದಲ್ಲಿ ಮಾತ್ರ ಅದರ ಅರ್ಥ, ಈಗ ಊಟ ಮಾಡು. ನೋಡುವ, ಮಾಡುವ, ಹೋಗುವ: ಇಲ್ಲ ಎಂದು ಹೇಳಿ ಮನಸ್ಸು ನೋಯಿಸಲಾರದ ಜನ ಇಟ್ಟುಕೊಂಡ ಮೂರು ಮಾತುಗಳು. ಮೂಗಿಗೆ ತುಪ್ಪ ಸವರುವುದಕ್ಕೆ ಇದಕ್ಕಿಂತ ಮೆತ್ತಗಿನ ಬೆರಳು ಬೇರೆ ಇಲ್ಲ. ಹೇಳಿದವರಿಗೂ ಕೇಳಿದವರಿಗೂ ಅದು ಗೊತ್ತಿರುತ್ತದೆ. ಚನಿಯನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ನಂಬಬೇಕೆನಿಸಿತೋ, ಈಗ ಕೇಳುವುದು ಯಾರನ್ನು.

*

ಆಫೀಸಿನ ಪೃಥ್ವಿರಾಜ್ ವ್ಯಾನು ತಂದು ಕೆಳಗೆ ಕಾಯುತ್ತಿದ್ದ. ಕಾಗದಪತ್ರಗಳಿಗೆ ಎರಡು ದಿನ ಓಡಾಡಿದವನು ಅವನೇ. "ಪೇಪರ್ ಎಲ್ಲ ಖಲಾಸ್. ಯಲ್ಲಾ, ಹತ್ತಿ," ಎಂದ. ಜಪಾನಿನ ಸುದ್ದಿ ಕೇಳಿ ಅವನ ಹುಬ್ಬು ಮೇಲೇರಿತು. "ಚನಿಯಣ್ಣ? ಜಪಾನಿಗೆ? ನಮ್ಮ ಹತ್ತಿರ ಒಂದು ಮಾತು ಹೇಳಲಿಲ್ಲ. ನಾವು ಊರಿಗೆ ಅಂತ್ಲೇ ತಿಳ್ಕೊಂಡದ್ದು."

"ಆಫೀಸಿನಲ್ಲಿ ಯಾರಾದ್ರೂ ಹತ್ತಿರದವರು?"

ಪೃಥ್ವಿರಾಜ್ ವ್ಯಾನಿನ ಬಾಗಿಲು ಎಳೆದು ತೆರೆದ. "ಎಲ್ಲರ ಹತ್ತಿರವೂ ಚಂದ ಇದ್ರು," ಎಂದ. ಯಾರೂ ಇರಲಿಲ್ಲ ಎಂದು ಹೇಳುವುದಕ್ಕೆ ಇನ್ನೊಂದು ದಾರಿ ಅದು.

ಬಟ್ಟೆ ಕೊಟ್ಟು, ಶವಾಗಾರದ ಹೊರಗೆ ವ್ಯಾನಿನಲ್ಲಿ ಗೇಬ್ರಿಯಲನ ಪಕ್ಕ ಕೂತು ಕಾಯುವಾಗ ಲತೇಶ ಫೈಲನ್ನು ಮೊದಲಿನಿಂದ ಓದಿದ. ಹಳೆಯ ಕೋಟೆ, ಹೊಸ ಪೇಟೆ, ಯಾವ ನಿಲ್ದಾಣದಲ್ಲಿ ಯಾವ ಬಾಗಿಲಿನಿಂದ ಹೊರಗೆ ಬರಬೇಕು, ಎಲ್ಲವೂ ಇತ್ತು. ಕ್ಯೋಟೋದಲ್ಲಿ ಕಾಲಿಟ್ಟರೆ ಹಕ್ಕಿಯ ಹಾಗೆ ಕೂಗುವ ಹಲಗೆಯ ನೆಲದ ಅರಮನೆ, ನಾರಾದಲ್ಲಿ ತಲೆ ಬಗ್ಗಿಸಿ ಬಿಸ್ಕತ್ತು ಕೇಳುವ ಜಿಂಕೆ, ಹಿರೋಶಿಮಾದಲ್ಲಿ ಟ್ರಾಮು. ನಡುನಡುವೆ ಅಂಕಿ ಎರಡು. 'ಎತ್ತರದ ಗೋಪುರ ಬೇಡ. ೨ಕ್ಕೆ ತಲೆ ತಿರುಗುವುದು. ಕೆಳಗಿನಿಂದ ನೋಡಿದರೆ ಸಾಕು.' 'ಹತ್ತು ಗಂಟೆಗೆ ಕಾಫಿ. ಇಲ್ಲದಿದ್ದರೆ ೨ಕ್ಕೆ ತಲೆನೋವು.'

"ಗೇಬ್ರಿಯಲ್, ಇದೆಂತ ಭಾಷೆ?" ಒಂದು ಹಾಳೆಯ ನಡುವೆ ಕೆಂಪು ಶಾಯಿಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿತ್ತು. "ಎಬಿ ನಾಶಿ ದೆ ಒನೆಗಾಯ್ ಶಿಮಾಸು."

"ಅಯ್ಯೋ, ಅದಾ," ಗೇಬ್ರಿಯಲ್ ಆ ದಿನ ಮೊದಲ ಬಾರಿ ನಕ್ಕ. "ದಿನಾ ಬೆಳಿಗ್ಗೆ ಗಡ್ಡ ತೆಗೆಯುವಾಗ ಕನ್ನಡಿ ಮುಂದೆ ಅದನ್ನೇ ಹೇಳ್ತಿದ್ರು. ಹತ್ತು ಸಲ, ಇಪ್ಪತ್ತು ಸಲ. ನಾನು ಯಾವುದೋ ಮಂತ್ರ ಅಂದ್ಕೊಂಡಿದ್ದೆ. ಹಿಂದೂಗಳದ್ದು ಯಾಕೆ ಕೇಳುವುದು ಅಂತ ಸುಮ್ಮನಿದ್ದೆ."

ಲತೇಶ ಅದರ ಕೆಳಗಿನ ಸಾಲು ಓದಿದ. 'ಸಿಗಡಿ ಹಾಕಬೇಡಿ, ದಯವಿಟ್ಟು. ಎಲ್ಲ ಹೋಟೆಲಿನಲ್ಲೂ ಮರೆಯದೆ ಹೇಳುವುದು. ೨ಕ್ಕೆ ಸಿಗಡಿ ಆಗುವುದಿಲ್ಲ, ಗಂಟಲು ಬಾತುಬಿಡುವುದು.'

ಸಮುದ್ರದ ದಂಡೆಯಲ್ಲಿ ಹುಟ್ಟಿ ಸಿಗಡಿ ಆಗದವನು ಎಂದು ಲತೇಶನನ್ನು ತಮಾಷೆ ಮಾಡದವರಿಲ್ಲ. ಹಮ್ದಾನ್ ಸ್ಟ್ರೀಟಿನ ಆ ಕೋಣೆಯಲ್ಲೇ ಒಮ್ಮೆ ತಿಳಿಯದೆ ತಿಂದು ಉಸಿರು ಕಟ್ಟಿದಾಗ ಅವನನ್ನು ಹೆಗಲಿಗೆ ಹಾಕಿಕೊಂಡು ನಾಲ್ಕು ಮಹಡಿ ಇಳಿಸಿ ಆಸ್ಪತ್ರೆಗೆ ಒಯ್ದವನು ಚನಿಯ. ಆ ದಿನ ಲಿಫ್ಟು ಕೆಟ್ಟಿತ್ತು.

ಅವನು ಫೈಲು ಮುಚ್ಚಿದ. ಮತ್ತೆ ತೆರೆದು ಕೊನೆಯ ಹಾಳೆ ನೋಡಿದ. 'ವೀಸಾ, ಟಿಕೆಟ್ ಮಾಡಲು ೨ರ ಪಾಸ್‌ಪೋರ್ಟ್ ನಂಬರ್ ಕೇಳಬೇಕು.' ಪಕ್ಕದಲ್ಲಿ ಒಂದು ತಾರೀಕು, ಅದಕ್ಕೊಂದು ಗೀಟು. ಇನ್ನೊಂದು ತಾರೀಕು, ಗೀಟು. ಹಾಗೆ ಆರು ತಾರೀಕು. ಏಳನೆಯದು ಬರುವ ಭಾನುವಾರದ್ದು. ಅದಕ್ಕೆ ಗೀಟು ಇರಲಿಲ್ಲ.

"ಯಾರು ಅಂತ ಗೊತ್ತಾಯ್ತಾ?" ಗೇಬ್ರಿಯಲ್ ಕೇಳಿದ.

"ನಾನು."

ಗೇಬ್ರಿಯಲ್ ಅವನ ಮುಖ ನೋಡಿದ. "ನೀವು ಬರ್ತೇನೆ ಅಂದಿದ್ರಾ?"

"ಹೋಗುವ ಅಂದಿದ್ದೆ. ಎಲ್ಲರೂ ಅಂತಾರಲ್ಲ." ನಾಚಿಕೆಯಿಂದ ಲತೇಶನಿಗೆ ಕಿಟಕಿಯ ಕಡೆ ತಿರುಗಿ ಕೂರಬೇಕಾಯಿತು.

*

ಎರಡು ತಿಂಗಳ ಹಿಂದೆ ಚನಿಯ ಎರಡು ಬಸ್ಸು ಬದಲಿಸಿ ಅಲ್ ನಹ್ದಾಕ್ಕೆ ಬಂದಿದ್ದ. ಲತೇಶನ ಮಗಳು ಯಶ್ಮಿತಾಳ ಹುಟ್ಟುಹಬ್ಬ ಮುಗಿದು ಒಂದು ವಾರವಾಗಿತ್ತು. ಚನಿಯನನ್ನು ಕರೆಯಲು ಮರೆತಿದ್ದರು. ಆದರೂ ಅವನು ಅವಳಿಗೆ ಬಣ್ಣದ ಪೆನ್ಸಿಲ್ಲು ತಂದಿದ್ದ. ಕೈಯಲ್ಲಿ ನೀಲಿ ಫೈಲಿತ್ತು. ಸೋಫಾದ ತುದಿಯಲ್ಲಿ ಕೂತು ಅದನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದ.

ಟಿವಿಯಲ್ಲಿ ಕ್ರಿಕೆಟ್ ನಡೆಯುತ್ತಿತ್ತು.

"ಲತೇಶ, ನವೆಂಬರಲ್ಲಿ ನಿನಗೆ ರಜೆ ಸಿಗ್ತದಾ?"

"ಎಂತಕ್ಕೆ?"

"ಎಂತಕ್ಕೂ ಇಲ್ಲ. ಜಪಾನಿನಲ್ಲಿ ಆಗ ಎಲೆ ಎಲ್ಲ ಕೆಂಪಾಗ್ತದೆ."

"ಹೋಗುವ ಚನಿಯಣ್ಣ. ಖಂಡಿತ ಹೋಗುವ," ಎಂದ ಲತೇಶ, ಟಿವಿಯಿಂದ ಕಣ್ಣು ತೆಗೆಯದೆ.

ಫೈಲು ತೆರೆದು ನೋಡಿದವಳು ಯಶ್ಮಿತಾ ಒಬ್ಬಳೇ. "ವಾವ್ ಅಂಕಲ್, ಯು ಡ್ರೂ ಆಲ್ ದಿಸ್?" ಎಂದು ಕೇಳಿದಳು. ಚನಿಯನಿಗೆ ಆದ ಸಂತೋಷ ಹೇಳತೀರದು. ಅವಳಿಗೆ ಅರ್ಧ ಗಂಟೆ ರೈಲು ಬದಲಿಸುವುದು ಹೇಗೆಂದು ತೋರಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಕೇಳಲು ಬಾಯಿ ತೆರೆದ. "ಬಸ್ಸಿಗೆ ತಡವಾಗ್ತದೆ," ಎಂದು ಹೊರಟುಹೋದ.

*

ದಹನಭೂಮಿಯಲ್ಲಿ ಅವರು ಆರು ಜನ ಇದ್ದರು, ವ್ಯಾನಿನ ಡ್ರೈವರನನ್ನೂ ಸೇರಿಸಿ. ಗಾಜಿನಂಥ ಬಿಸಿಲು. ಬಿಳಿ ಮುಂಡಿನಲ್ಲಿ ಚನಿಯನ ಮುಖ ರಜೆಯ ದಿನ ಮಲಗಿದವನ ಹಾಗಿತ್ತು. ಲತೇಶ ಬಾಯಿಗೆ ಅಕ್ಕಿ, ನೀರು ಬಿಟ್ಟ. ಪೃಥ್ವಿರಾಜ್ ಫೋನಿನಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿ ಲತೇಶನ ಕೈಗೆ ಕೊಟ್ಟ. ಚನಿಯನ ಅಕ್ಕ ಅಪ್ಪಿ, ಅರವತ್ತೈದರ ಹೆಂಗಸು, ತೆರೆಯ ಮೇಲೆ ಕಾಣಿಸಿಕೊಂಡಳು. ತಮ್ಮನ ಮುಖವನ್ನು ತುಂಬ ಹೊತ್ತು ನೋಡಿದಳು. ಅಳಲಿಲ್ಲ. ಅತ್ತು ಮುಗಿದಿತ್ತು.

"ಬೆಂಕಿ ಕೊಡುವುದು ಯಾರು?" ತುಳುವಿನಲ್ಲಿ ಕೇಳಿದಳು.

"ನಾನು ಅಕ್ಕ. ಲತೇಶ."

"ಲತೇಶನಾ? ನೀನೇನಾ ಅದು?" ಅವಳ ಮುಖದಲ್ಲಿ ಒಂದು ಬಿಗಿ ಸಡಿಲವಾಯಿತು. "ಅವನು ಪ್ರತಿ ಶುಕ್ರವಾರ ಹೇಳ್ತಿದ್ದ. ಈ ಸಲ ಊರಿಗೆ ಬರುವುದಿಲ್ಲ ಅಕ್ಕ, ಬೇಜಾರು ಮಾಡ್ಬೇಡ, ಲತೇಶನ ಜೊತೆ ಹೋಗ್ತೇನೆ ಅಂತ. ಅಷ್ಟು ದೂರ ಒಬ್ಬನೇ ಹೋಗ್ತಾನಲ್ಲ ಅಂತ ನನಗೆ ಹೆದರಿಕೆ ಇತ್ತು. ನೀನು ಇದ್ದಿ ಅಂತ ಗೊತ್ತಾದ ಮೇಲೆ ನಿದ್ದೆ ಬಂತು. ನಿನಗೂ ರಜೆ ಸಿಕ್ಕಿತ್ತಲ್ಲ?"

ಗೇಬ್ರಿಯಲ್ ನೆಲ ನೋಡುತ್ತಿದ್ದ.

"ಹೂಂ ಅಕ್ಕ," ಎಂದ ಲತೇಶ. "ಸಿಕ್ಕಿತ್ತು."

"ಹಾಗಾದ್ರೆ ನನ್ನ ತಮ್ಮ ಒಬ್ಬನೇ ಇರಲಿಲ್ಲ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನ ರಜೆ ಹಾಳು ಮಾಡ್ಬೇಡ ಮಗ. ಅವನು ಬರೆದಿಟ್ಟ ಹಾಗೆ ನೀನು ಹೋಗಿ ಬಾ. ಅವನು ಎಲ್ಲೆಲ್ಲಿ ನಿಲ್ಲಬೇಕು ಅಂತ ಇದ್ದನೋ ಅಲ್ಲಿ ನಿಂತು ನೋಡು. ಬಂದು ನನಗೆ ಹೇಳು, ಹೇಗಿತ್ತು ಅಂತ. ಹೋಗ್ತಿಯಲ್ಲ?"

ಆ ಮಾತು ಅವನ ನಾಲಿಗೆಯ ತುದಿಗೆ ತಾನಾಗಿ ಬಂತು. ನಲವತ್ತಾರು ವರ್ಷದ ಅಭ್ಯಾಸ. ಲತೇಶ ಹಲ್ಲು ಕಚ್ಚಿ ಅದನ್ನು ನುಂಗಿದ. ಹಿಂದಿನಿಂದ ಕೆಲಸದವನು ಹೊತ್ತಾಯಿತು ಎಂದು ಕೈ ಮಾಡಿದ.

"ಹಲೋ," ಎಂದಳು ಅಪ್ಪಿ. "ಲತೇಶ? ಕೇಳ್ತದಾ? ಇವನ ಸ್ವರವೇ ಬರುವುದಿಲ್ಲ."

ವಿಡಿಯೋ ಎಂಬುದನ್ನು ಮರೆತು ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಲತೇಶನ ಅಂಗೈಯಲ್ಲಿ ಆ ಮುದಿ ಕಿವಿಯೊಂದೇ ತೆರೆಯ ತುಂಬ ನಿಂತಿತು, ಓಲೆಯ ಭಾರಕ್ಕೆ ಹರಿದು ಉದ್ದವಾದ ತೂತು, ಒಂದು ನರೆಗೂದಲು, ಕಾಯುತ್ತ.