ಹದಿನೈದು ಕಾಲಿನ ಚಿಪ್ಪು

ಬೆಸುಗೆಯ ಹೊಗೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು, ಭೂತಗನ್ನಡಿಯೊಳಗೆ ಸದ್ದು ಹಿಗ್ಗಿಸುವ ಆ ಕರಿ ಚಿಪ್ಪಿನ ಕಾಲುಗಳು ಕಲೆಸಿಹೋದವು, ಮತ್ತೆ ಮೊದಲಿಂದ ಎಣಿಸಬೇಕು, ಹದಿಮೂರು, ಹದಿನಾಲ್ಕು, ಹದಿನೈದು, ಈ ಹಳೇದಕ್ಕೂ ಹದಿನೈದು, ಆ ಹೊಸದಕ್ಕೂ ಹದಿನೈದು, ಒಡಹುಟ್ಟಿದವರ ಹಾಗೆ ಒಂದೇ ಮೈಕಟ್ಟು, ಬೆನ್ನಿಗೆ ಒಂದೇ ತಗಡು — ಅಜ್ಜಿ, ಕೈ ಮಡಗ್ಬ್ಯಾಡ, ಕಾದೈತೆ — ಇಲ್ಲ ಕಣವ್ವ ಮೇಘನ, ನೋಡ್ತೀನಿ ಅಷ್ಟೆ. ಮೊಮ್ಮಗಳ ಬೆರಳು ಎಷ್ಟು ನೆಟ್ಟಗಿದೆ, ಐಟಿಐ ಓದಿ ಪಾಂಡವಪುರದ ರಿಪೇರಿ ಅಂಗಡಿಯಲ್ಲಿ ಮೂರು ವರ್ಷ ಪಳಗಿದ ಬೆರಳು, ಆದರೂ ಮೊನ್ನೆ ನೂರು ವ್ಯಾಟು ಅಂದದ್ದೇ ತಡ ದೊಡ್ಡ ಸದ್ದಿನ ಚಿಪ್ಪನ್ನೇ ಕೊಂಡು ತಂದಳು, 7294 ಅಂತೆ ಅದರ ನಂಬರು, ಮನೆಯೊಳಗೆ ಟ್ರಾನ್ಸ್‌ಫಾರ್ಮರಿಗೆ ಕೊಟ್ಟಾಗ ತಟ್ಟೆ ಸ್ಟ್ಯಾಂಡೆಲ್ಲ ಗಲಗಲ ಅಂದಿತ್ತು, ನಾವಿಬ್ಬರೂ ಕೈ ಹಿಡಿದುಕೊಂಡು ನಕ್ಕಿದ್ದೆವು, ವ್ಯಾನಿಗೆ ಜೋಡಿಸಿದರೆ ಮೂಕ. ಅದಕ್ಕೆ ಪ್ಲಸ್ಸೂ ಬೇಕು, ಮೈನಸ್ಸೂ ಬೇಕು, ನಡುವೆ ಸೊನ್ನೆ ಇರಬೇಕು, ವ್ಯಾನಿನ ಹನ್ನೆರಡು ವೋಲ್ಟು ಅದರ ಬಾಯಿಗೂ ಸಾಲದು. ಕೆ.ಆರ್. ಪೇಟೆಯ ಅಂಗಡಿ ತಿಮ್ಮರಾಜು ಹೇಳಿದ್ದು, ಕನ್ವರ್ಟರು ಹಾಕ್ಸಿ, ಬ್ಯಾಟ್ರಿ ದೊಡ್ದು ಮಾಡ್ಸಿ, ಏನಮ್ಮೋ ಬೆಟ್ಟಮ್ಮ, ಈ ವಯಸ್ಸಲ್ಲಿ ಡೀಜೆ ಕಟ್ತಿದ್ದೀಯಾ. ನಮ್ಮ ಯಜಮಾನ್ರಿಗೆ ಕಣಪ್ಪ. ಕಿವಿ ಕೇಳ್ದೋರಿಗಾ, ಅಂತ ನಕ್ಕ. ಕಿವಿ ಕೇಳದವರಿಗೇ. ಯುಗಾದಿಯಿಂದ ಈಚೆಗೆ ಅವರು ವ್ಯಾನು ಹತ್ತಿಲ್ಲ, ಕಿವಿಗೆ ಇಡುವ ಮಿಷನ್ನು ಬರೀ ಕೀಚು ಕೀಚು ಅಂತ ಡಬ್ಬಿ ಸೇರಿತು, ಮೊದಲಾದರೆ ಶ್ರೀರಂಗಪಟ್ಟಣಕ್ಕೆ ಹೊಳೆ ಸ್ನಾನಕ್ಕೆ ಹೋಗುವಾಗ ದಾರಿಯುದ್ದ ವಾಲಗದ ಕ್ಯಾಸೆಟ್ಟು, ಬಾಗಿಲ ಮೇಲೆ ಅವರ ಬೆರಳ ತಾಳ, ಈಗ ಕರೆದರೆ ಬುಡಮ್ಮಿ, ನಿಮ್ಮ ಬಾಯಾಡೋದು ನೋಡ್ಕಂಡು ಎಷ್ಟೊತ್ತು ಕೂತ್ಕಳ್ಲಿ, ಅಂದು ಗೋಡೆ ಕಡೆ ತಿರುಗುತ್ತಾರೆ. ಮನುಷ್ಯ ಇದ್ದಲ್ಲೇ ಕಲ್ಲಾಗುತ್ತಿದ್ದಾರೆ — ಕಲ್ಲು, ಚಿನಕುರಳಿ ಹತ್ತಿರದ ಕ್ವಾರಿ, ಇಪ್ಪತ್ತೆರಡು ವರ್ಷ ದುಡಿದದ್ದು, ಕಿವಿ ತಿಂದದ್ದು ಅಲ್ಲಿನ ಕಂಪ್ರೆಸರಿನ ಸದ್ದು, ಮುದ್ದೆ ಬುತ್ತಿ ಹೊತ್ತುಕೊಂಡು ಹೋದಾಗ ನಾನು ಕಂಡದ್ದು ಮಾತ್ರ ಇವರ ಅಂಗೈ, ಸಾಲಾಗಿ ಇಟ್ಟ ಬೆಣೆಗಳ ಮೇಲೆ ಆಳುಗಳು ಸುತ್ತಿಗೆ ಹಾಕುತ್ತಿದ್ದರೆ ಇವರು ಬಂಡೆಯ ಆಚೆ ತುದಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿ ನಿಲ್ಲುವರು, ಬಿರುಕು ಎಲ್ಲಿಗೆ ತಲುಪಿತೆಂದು ಕಿವಿಗಿಂತ ಮೊದಲು ಕೈಗೆ ಗೊತ್ತು, ಬಂತು, ಅನ್ನುವರು, ಸುತ್ತಿಗೆ ನಿಲ್ಲುವುದು, ಬಂಡೆ ಎರಡಾಗುವುದು. ಆ ಕೈ ಇನ್ನೂ ಇದೆಯಲ್ಲ, ಕೈಗೇನು ಕಿವುಡೇ.

ಅದನ್ನೇ ಮೇಘನಳಿಗೆ ಹೇಳಿದ್ದು, ಅದಕ್ಕೇ ಈ ಮರದ ಪೆಟ್ಟಿಗೆ, ಒಳಗೆ ಅಗಲ ಬಾಯಿಯ ಸ್ಪೀಕರು, ತೆಳು ಸದ್ದನ್ನೆಲ್ಲ ತಡೆದು ಮರ ಅದುರಿಸುವ ದಪ್ಪ ಸದ್ದನ್ನಷ್ಟೇ ಬಿಡುವ ಸರ್ಕೀಟು, ಎಲ್ಲಾ ಸಿದ್ಧವಾಗಿ ಚಿಪ್ಪಿನ ಹತ್ತಿರ ಬಂದು ನಿಂತಿತು. ಇಡೀ ರಾತ್ರಿ ಇಂಟರ್‌ನೆಟ್ಟಲ್ಲಿ ಉಡ್ಕಿದ್ದೀನಜ್ಜಿ, ಯಾವುದ್ ತಗಳದು ಅಂತ್ಲೇ ಗೊತ್ತಾಗ್ತಿಲ್ಲ, ಅಂದು ಮೇಘನ ಕಣ್ಣುಜ್ಜಿಕೊಂಡಳು. ಆತುರ ಬೇಡ ಕಣವ್ವ, ರಾತ್ರಿ ಶಾಲೆಯಲ್ಲಿ ಐವತ್ತು ದಾಟಿದ ಮೇಲೆ ಅ ಆ ತೀಡಿದವಳು ನಾನು, ಸೋಮಯ್ಯ ಮೇಷ್ಟ್ರು ಹೇಳೋರು, ಬೆಟ್ಟಮ್ಮೋರೆ, ಗೊತ್ತಿಲ್ದೇ ಇರೋದ್ನ ಆಮೇಲೆ ನೋಡಾನ, ಗೊತ್ತಿರೋ ಅಕ್ಷರ ಯಾವುದು ಮೊದ್ಲು ಅದ್ನ ತೋರ್ಸಿ. ಗೊತ್ತಿರುವುದೇನು ನನಗೆ? ವ್ಯಾನು ಗೊತ್ತು. ಹಂಗಾದ್ರೆ ವ್ಯಾನಲ್ಲಿ ಇಷ್ಟು ವರ್ಷ ಹಾಡಿದ ಆ ಹಳೇ ಟೇಪು ಯಾವ ಚಿಪ್ಪಿಂದ ಹಾಡ್ತಿತ್ತು, ಅದೂ ಇದೇ ಬ್ಯಾಟ್ರಿ ಅನ್ನ ತಾನೆ ಉಂಡಿದ್ದು? ಮೇಘನ ನನ್ನನ್ನೇ ನೋಡಿದಳು, ಓಡಿಹೋಗಿ ಅಟ್ಟದಿಂದ ಟೇಪು ಇಳಿಸಿದಳು, ಕ್ಯಾಸೆಟ್ಟು ತಿರುಗಿಸುವ ಬೆಲ್ಟು ಹರಿದಿತ್ತೇ ಹೊರತು ಹೊಟ್ಟೆಯೆಲ್ಲ ನೆಟ್ಟಗಿತ್ತು, ಅಲ್ಲಿ ಧೂಳಡಿಯಲ್ಲಿ ಈ ಚಿಪ್ಪು ಕೂತಿತ್ತು, 7377. ಅಜ್ಜೀ, ಇದು ಕಾರಿಗೇ ಅಂತ ಮಾಡಿರೋದು, ಆದ್ರೆ ಮೂವತ್ತೇ ವ್ಯಾಟು, ಸಾಲ್ತದಾ? ಬಂಡೆ ಏನು ಕೂಗುತ್ತಿತ್ತೇ? ಅಂಗೈಗೆ ಮುಟ್ಟಿದರೆ ಸಾಕು.

ಆಯ್ತಜ್ಜಿ, ಕೊನೇ ಕಾಲೂ ಕೂತ್ಕತು, ಬಾ. ಅಂಗಳದಲ್ಲಿ ಬೆಳಗಿನ ಬಿಸಿಲು, ವ್ಯಾನಿನ ಹಿಂದಿನ ಸೀಟಿನ ಮಗ್ಗುಲಿಗೆ ಪೆಟ್ಟಿಗೆ, ಮೇಘನಳ ಫೋನಿನಲ್ಲಿ ಯಾರದ್ದೋ ಮದುವೆಯ ಡೋಲು, ಅವಳು ತಾತನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು, ಏನ್ಲಾ ಇದು, ಬುಡವ್ವ, ನಂಗೆಂತದ್ದು, ಹೆಣ್ಣುಹುಡುಗಿಗೂ ಅವರು ಲಾ ಅನ್ನುವುದೇ, ಕೋಪ ಬಂದಾಗ ಇನ್ನೂ ಜಾಸ್ತಿ, ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ, ಡೋಲು ಶುರುವಾದದ್ದು ನನ್ನ ಪಾದಕ್ಕೆ ತಿಳಿಯಿತು, ಅವರಿಗೆ ಇಲ್ಲ, ತಿರುಗಿ ಹೊರಟೇಬಿಟ್ಟರಲ್ಲ — ನಾನೇ ಆ ಕೈ ಹಿಡಿದೆ, ನಲವತ್ತೈದು ವರ್ಷದಲ್ಲಿ ಅಂಗಳದಲ್ಲಿ ನಾಲ್ಕು ಜನರೆದುರು ಹಿಡಿದದ್ದಿಲ್ಲ, ಹಿಡಿದು ಪೆಟ್ಟಿಗೆಯ ಮೇಲಿಟ್ಟೆ, ಮೇಲೆ ನನ್ನ ಕೈ. ಕಿತ್ತುಕೊಳ್ಳಲು ಹೋದರು. ಕಿತ್ತುಕೊಳ್ಳಲಿಲ್ಲ. ಕಣ್ಣು ಮುಚ್ಚಿದರು, ಒಂದು ಕಾಲು ಒಳಗಿಟ್ಟು ಸೀಟಿನ ಮೇಲೆ ಕುಸಿದರು, ತಾತಾ, ಅಂತಾಳೆ ಇವಳು, ಸುಮ್ಕಿರು ಸುಮ್ಕಿರು, ನನ್ನ ಕೈಯಡಿಯಲ್ಲಿ ಅವರ ತೋರುಬೆರಳು ಒಂದು ಸಲ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು, ತುಟಿ ಅಲ್ಲಾಡಿತು, ಬಂತು, ಅಂದರು, ನಾನು ಕೈ ತೆಗೆದೆ, ಅವರ ಅಂಗೈ ಅಲ್ಲೇ, ಮರದ ಮೇಲೆ ಒತ್ತಿದ ಅಂಗೈ, ಅದರ ತುದಿಯಲ್ಲಿ ಮತ್ತೆ ಬೆರಳ ತಾಳ.