ಮುಂದಿನ ಸಾಲಿನ ಚಾಲಕಿಯರು

ಊರಿನ ಮೊದಲ ಮಹಿಳಾ ಬಸ್ ಚಾಲಕರ ಬಗ್ಗೆ ಯಾವ ಕಾಲದಲ್ಲೋ ತೆಗೆದ ಸಾಕ್ಷ್ಯಚಿತ್ರವೊಂದರ ಡಿಸ್ಕ್ ಕಾಲೇಜು ಗ್ರಂಥಾಲಯದ ಹಿಂದಿನ ಕಪಾಟಿನಲ್ಲಿ ಸಿಕ್ಕಿತು. ಗ್ರಂಥಪಾಲಕಿ ಒಬ್ಬಳೇ ಕೂತು ನೋಡಿದಳು. ನೋಡಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇದನ್ನು ಇಡೀ ಕಾಲೇಜಿಗೆ ತೋರಿಸಲೇಬೇಕು.

ಆದರೆ ಡಿಸ್ಕ್ ಕಪಾಟಿನಲ್ಲಿದ್ದ ಮಾತ್ರಕ್ಕೆ ಚಿತ್ರ ನಮ್ಮದಾಗುತ್ತದೆಯೇ? ಒಬ್ಬೊಬ್ಬರೇ ಮನೆಗೊಯ್ದು ನೋಡಬಹುದು. ಜನ ಸೇರಿಸಿ ತೋರಿಸಬೇಕಾದರೆ ಸಾರ್ವಜನಿಕ ಪ್ರದರ್ಶನದ ಹಕ್ಕು ಬೇಕು. ಇತಿಹಾಸದ ಮೇಷ್ಟ್ರು, ಬಾಗಿಲು ಮುಚ್ಚಿಕೊಂಡು ಹಾಕಿಬಿಡಿ, ಯಾರು ಕೇಳುತ್ತಾರೆ ಎಂದರು. ಕದ್ದು ತೋರಿಸುವ ಚಿತ್ರ ಇದಲ್ಲ ಎಂದು ಅವಳು ಪಟ್ಟು ಹಿಡಿದಳು. ಚಿತ್ರದ ಹಕ್ಕು ಪಡೆದಿದ್ದ ಹಂಚಿಕೆ ಕಂಪನಿ ಎಂದೋ ಬಾಗಿಲು ಹಾಕಿತ್ತು. ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ, ಕೊನೆಗೆ ಆ ಚಿತ್ರದ ಛಾಯಾಗ್ರಾಹಕರ ಮಗಳಿಂದ ನಿರ್ದೇಶಕಿಯ ನಂಬರು ಪಡೆದಳು.

ನಿರ್ದೇಶಕಿ ತಿರುಗಿ ಫೋನು ಮಾಡಿದಾಗ ಅವಳು ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ನಲ್ಲಿ ನಿಲ್ಲಿಸಿ, ಮಾತಾಡು ಎಂದು ಕೈಸನ್ನೆ ಮಾಡಿದರು. ಕಂಪನಿ ಮುಚ್ಚಿದ ಮೇಲೆ ಹಕ್ಕು ತನಗೇ ಮರಳಿದೆ ಎಂದು ನಿರ್ದೇಶಕಿ ತಿಳಿಸಿದರು.

"ಎಷ್ಟು ಸಲ ಬೇಕಾದ್ರೂ ತೋರಿಸಿಕೊಳ್ಳಮ್ಮಾ, ಅನುಮತಿ ಬರೆದು ಕಳಿಸ್ತೀನಿ. ಆದ್ರೆ ಅದರಲ್ಲಿರೋ ಹೆಂಗಸರೇ ಅದನ್ನ ಇವತ್ತಿನವರೆಗೂ ನೋಡಿಲ್ಲ. ವಿದೇಶದಲ್ಲಿ ಒಂದೆರಡು ಕಡೆ ತೋರಿಸಿದ್ದಷ್ಟೇ. ಅವರನ್ನ ಮುಂದಿನ ಸಾಲಲ್ಲಿ ಕೂರಿಸಬೇಕು."

ಫೋನಿಟ್ಟವಳು ಒದ್ದೆ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಸೀರೆಯೆಲ್ಲ ನೆನೆಯಿತೆಂದು ಅತ್ತೆ ಗೊಣಗಿದರು. ಗೊಣಗುತ್ತಲೇ, ನಾನೂ ಬರುತ್ತೇನೆ ಎಂದರು.

ಬಸ್ ಡಿಪೋದಲ್ಲಿ ವಿಚಾರಿಸಿ ಚಿತ್ರದಲ್ಲಿದ್ದ ಮೂವರು ಚಾಲಕಿಯರನ್ನು ಪತ್ತೆಹಚ್ಚಿದ್ದಾಯಿತು. ಆ ದಿನ ಸಭಾಂಗಣದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮೂವರು ಅಜ್ಜಿಯರು ಒಬ್ಬರ ಕೈ ಒಬ್ಬರು ಹಿಡಿದು ಬಂದು, ಮುಂದಿನ ಸಾಲಿನಲ್ಲಿ ನಿರ್ದೇಶಕಿಯ ಪಕ್ಕ ಕೂತರು. ದೀಪ ಆರಿತು. ಪರದೆಯ ಮೇಲೆ ಸಪೂರ ಹುಡುಗಿಯೊಬ್ಬಳು ಸ್ಟೀರಿಂಗ್ ಹಿಡಿದಳು.

"ಅಯ್ಯೋ, ಇದು ನಾನೇ ಕಣೆ," ಎಂದರು ನಡುವೆ ಕೂತ ಅಜ್ಜಿ.

"ನೀನೇ. ಈಗ ನೋಡು, ಗೇರ್ ಹಾಕೋಕೆ ತಡಕಾಡ್ತೀಯ," ಎಂದರು ಚಿತ್ರ ತೆಗೆದಾಗ ಅದೇ ಬಸ್ಸಿನಲ್ಲಿದ್ದ ಪಕ್ಕದ ಅಜ್ಜಿ.

ಪರದೆಯ ಹುಡುಗಿ ನಿಜಕ್ಕೂ ತಡಕಾಡಿದಳು. ಸಭಾಂಗಣವೆಲ್ಲ ನಕ್ಕಿತು. ಬಸ್ಸು ಕಡಿದಾದ ದಿಣ್ಣೆ ಹತ್ತತೊಡಗಿದಾಗ ನಗು ನಿಂತು, ಎಲ್ಲರೂ ಉಸಿರು ಬಿಗಿಹಿಡಿದರು. ಮೂವರು ಅಜ್ಜಿಯರ ಬಲಗಾಲುಗಳೂ ತಮಗರಿವಿಲ್ಲದೆ ನೆಲವನ್ನು ಒತ್ತುತ್ತಿದ್ದವು. ಬಸ್ಸು ಮೇಲೆ ಮುಟ್ಟಿದ್ದೇ ತಡ, ಹಿಂದಿನ ಸಾಲುಗಳಿಂದ ಚಪ್ಪಾಳೆ ಸಿಡಿಯಿತು.

ಚಿತ್ರ ಮುಗಿದರೂ ಒಬ್ಬರೂ ಏಳಲಿಲ್ಲ. ಇನ್ನೊಂದು ಸಲ ಹಾಕಬಹುದೇ ಎಂದು ನಡುವಿನ ಅಜ್ಜಿ ಮೆಲ್ಲಗೆ ಕೇಳಿದರು. ಗ್ರಂಥಪಾಲಕಿ ಆಗಲೇ ಪ್ರೊಜೆಕ್ಟರ್ ಕಡೆ ಓಡುತ್ತಿದ್ದಳು.